ನಾನು ಸಿದ್ಧ

ಸೀಟಿ ಊದಿ ಊದಿ ಕೆನ್ನೆ ನೋವು ಬಂದರೂ ಗುಂಡು ಎಸೆಯುವ ವೃತ್ತದ ಹತ್ತಿರ ಒಂದು ನರಪಿಳ್ಳೆಯೂ ಸುಳಿಯಲಿಲ್ಲ. ಮೈದಾನದ ಆ ತುದಿಯ ನೆರಳಿನಲ್ಲಿ ಎಂಟನೇ ತರಗತಿಯ ಒಂದಷ್ಟು ಹುಡುಗಿಯರು ಕಾಲು ಚಾಚಿ ಕೂತು ಹರಟುತ್ತಿದ್ದರು. ಓಡು ಎಂದರೆ ಹೊಟ್ಟೆನೋವು, ಜಿಗಿ ಎಂದರೆ ಕಾಲುನೋವು ತರಿಸಿಕೊಳ್ಳುವ ಹುಡುಗಿಯರು ಅವರು. ಒಬ್ಬೊಬ್ಬರ ಎದೆಯ ಮೇಲೂ ಹಸಿರು ಬಿಲ್ಲೆ. ಬಿಲ್ಲೆಯ ಮೇಲೆ ‘ನಾನು ಸಿದ್ಧ’ ಎಂದು ಬರೆದಿತ್ತು.

“ಆನೆಮರಿ ಎಲ್ಲೇ?” ಎಂದು ಆಟದ ಟೀಚರು ಕೂಗಿದರು.

“ಮೇಲಿದಾಳೆ ಮಿಸ್. ಅವಳು ಕೆಂಪು ಬ್ಯಾಡ್ಜು.”

ಟೀಚರು ತಲೆಯೆತ್ತಿದರು. ಮಹಡಿಯ ಚಿತ್ರಕಲೆ ಕೊಠಡಿಯ ಕಿಟಕಿಯಲ್ಲಿ, ಸರಳುಗಳ ಹಿಂದೆ, ಅಗಲವಾದ ಒಂದು ಮುಖ ಮೈದಾನವನ್ನೇ ನೋಡುತ್ತಿತ್ತು. ಇವರನ್ನು ಕಂಡದ್ದೇ ಒಂದು ಕೈ ಮೇಲೆದ್ದಿತು. ಒಳಗಿನಿಂದ ಯಾರೋ ಗದರಿರಬೇಕು, ಮುಖವೂ ಕೈಯೂ ಮಾಯವಾದವು.

ಆಟದ ಟೀಚರಿಗೆ ಮಕ್ಕಳು ಇಟ್ಟ ಹೆಸರು ಸೀಟಿ ಮಿಸ್. ಅದು ಅವರಿಗೂ ಗೊತ್ತು, ಗೊತ್ತಿಲ್ಲದವರ ಹಾಗೆ ಇರುತ್ತಾರೆ. ಈ ಶಾಲೆಯಲ್ಲಿ ಆಟ ಎಂದರೆ ಮೊದಲಿನಿಂದಲೂ ಅಷ್ಟಕ್ಕಷ್ಟೇ. ಗಣಿತದ ಪಾಠ ಹಿಂದೆ ಬಿದ್ದರೆ ಆಟದ ಪೀರಿಯಡ್ಡಿಗೆ ಕತ್ತರಿ, ಯಾರೋ ಅತಿಥಿ ಬಂದು ಭಾಷಣ ಬಿಗಿಯುವುದಿದ್ದರೂ ಆಟದ ಪೀರಿಯಡ್ಡಿಗೇ ಕತ್ತರಿ. ಮೈದಾನದಲ್ಲಿ ಅರ್ಧವನ್ನು ಶಾಲೆಯ ಬಸ್ಸುಗಳು ನುಂಗಿ ನೀರು ಕುಡಿದಿದ್ದವು. ಉಳಿದ ಅರ್ಧದ ಒಂದು ಮೂಲೆಯಲ್ಲಿ ಟೀಚರು ತಾವೇ ಬಗ್ಗಿ ಸುಣ್ಣದ ಪುಡಿಯಲ್ಲಿ ವೃತ್ತ ಎಳೆದು, ಅದರ ಮುಂದೆ ದೂರದಲ್ಲಿ ಒಂದು ಗೆರೆ ಹಾಕಿದ್ದರು. ಹೋದ ವರ್ಷದ ಅಂತರಶಾಲಾ ಕೂಟದಲ್ಲಿ ಗೆದ್ದ ಹುಡುಗಿಯ ಗುಂಡು ಬಿದ್ದ ದೂರ ಅದು. ಆನೆಮರಿಯ ಗುಂಡು ಈಗ ದಿನಾ ಆ ಗೆರೆಯನ್ನು ದಾಟಿ ಬೀಳುತ್ತಿತ್ತು. ಈ ವರ್ಷದ ಕೂಟ ಹತ್ತಿರ ಬಂದಿತ್ತು.

ಆನೆಮರಿ ಎಂದು ಹೆಸರಿಟ್ಟವರೂ ಟೀಚರೇ. ಮೊದಲು ಆ ಹುಡುಗಿ ಸಾಲಿನ ಕೊನೆಯಲ್ಲಿ ಭುಜ ಮುದುಡಿಕೊಂಡು, ಇಷ್ಟು ದೊಡ್ಡ ಮೈಯನ್ನು ಎಲ್ಲಿ ಬಚ್ಚಿಡಲಿ ಎನ್ನುವ ಹಾಗೆ ನಿಲ್ಲುತ್ತಿದ್ದಳು. ಒಮ್ಮೆ ಇಬ್ಬರು ಹುಡುಗರು ಎತ್ತಲಾರದೆ ತಿಣುಕುತ್ತಿದ್ದ ಬೆಂಚನ್ನು ಅವಳೊಬ್ಬಳೇ ಎತ್ತಿ ಗೋಡೆಗೆ ಸರಿಸಿದಳು. ಅದನ್ನು ಕಂಡ ಟೀಚರು ಅವಳ ಕೈಗೆ ಗುಂಡು ಕೊಟ್ಟು, “ನೀನು ಆನೆಮರಿ ಕಣೆ, ನಿಂಗೆ ಈ ಮೈ ಸುಮ್ನೆ ಬಂದಿಲ್ಲ” ಎಂದರು. ಅಲ್ಲಿಂದ ಭುಜ ಬಿಚ್ಚಿಕೊಂಡಿತು, ನಡಿಗೆ ಬದಲಾಯಿತು. ಗೆಳತಿಯರು ಆ ಹೆಸರಿನಿಂದ ಕರೆದರೆ ಅವಳು ಗತ್ತಿನಿಂದಲೇ ತಿರುಗಿ ನೋಡುತ್ತಿದ್ದಳು.

ಸೀಟಿ ಮಿಸ್ಸಿನ ಬಳಿ ಕಲಿಯುವವರಿಗೆ ಒಂದೇ ಕಾನೂನು. ಎಸೆಯುವಾಗ ಕಾಲು ವೃತ್ತದ ಆಚೆ ಹೋದರೆ ಎಸೆದವಳೇ ಬಾಯಿಬಿಟ್ಟು ಹೇಳಬೇಕು, ಬೇರೆ ಯಾರೂ ನೋಡದಿದ್ದರೂ ಹೇಳಬೇಕು. ಟೀಚರೂ ಅಷ್ಟೇ ನೇರ. ಕೆಟ್ಟ ಎಸೆತವನ್ನು ಚೆನ್ನಾಗಿತ್ತು ಎಂದು ಅವರು ಯಾವತ್ತೂ ಮುಖಸ್ತುತಿ ಮಾಡಿದವರಲ್ಲ. ಹಾಗಾಗಿ ಅವರು ಚೆನ್ನಾಗಿತ್ತು ಎಂದ ದಿನ ಮಕ್ಕಳು ನೆಲದ ಮೇಲೆ ನಿಲ್ಲುತ್ತಿರಲಿಲ್ಲ.

ಇಂಥವರ ಮೈದಾನಕ್ಕೇ ಆ ಅಳತೆ ಬಂದು ಒಕ್ಕರಿಸಿತು. ಆರೋಗ್ಯಕರ ಜೀವನಶೈಲಿಗೆ ಬದಲಾಗಲು ಶಾಲೆಯ ಮಕ್ಕಳು ಮನಸ್ಸಿನಲ್ಲಿ ಎಷ್ಟು ಸಿದ್ಧರಿದ್ದಾರೆ ಎಂದು ಅಳೆಯುವ ಸಮೀಕ್ಷೆ. ಯಾವುದೋ ಸಂಸ್ಥೆಯಿಂದ ಕನ್ನಡಕದ ಯುವತಿಯೊಬ್ಬಳು ತೂಕದ ಯಂತ್ರ, ಎತ್ತರ ಅಳೆಯುವ ಕೋಲು, ಒಂದು ಕಟ್ಟು ಪ್ರಶ್ನೆಪತ್ರಿಕೆ ಹೊತ್ತು ಬಂದಳು. ಸಿಹಿ ಬಿಡಲು ಸಿದ್ಧವೇ? ಊಟ ಕಡಿಮೆ ಮಾಡಲು ಸಿದ್ಧವೇ? ದಿನಕ್ಕೆ ಇನ್ನೊಂದು ಗಂಟೆ ಹೆಚ್ಚು ವ್ಯಾಯಾಮ ಮಾಡಲು ಸಿದ್ಧವೇ? ತೂಕ ಇಳಿಸಲು ಸಿದ್ಧವೇ? ಪ್ರತಿ ಪ್ರಶ್ನೆಯ ಕೆಳಗೂ ಮೂರು ಚೌಕ: ಸಿದ್ಧ, ಯೋಚಿಸುತ್ತಿದ್ದೇನೆ, ಸಿದ್ಧವಿಲ್ಲ.

ಎಂಟನೇ ತರಗತಿಗೆ ಪತ್ರಿಕೆ ಹಂಚುವ ಕೆಲಸ ಆಟದ ಟೀಚರಿಗೇ ಬಿತ್ತು. “ನಿಜ ಬರೀರಿ. ಯಾರನ್ನೋ ಮೆಚ್ಚಿಸೋಕೆ ಬರೀಬೇಡಿ” ಎಂದು ಅವರು ಅಭ್ಯಾಸಬಲದಿಂದ ಹೇಳಿದರು. ಉಳಿದ ಮಕ್ಕಳು ಆ ಮಾತನ್ನು ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಟ್ಟು, ದೊಡ್ಡವರಿಗೆ ಏನು ಬೇಕೋ ಅದಕ್ಕೆ ಗುರುತು ಹಾಕಿ ಮುಗಿಸಿದರು. ಕೇಳಿದವರು ಮೈದಾನದ ಮಕ್ಕಳು ಮಾತ್ರ. ಬೆಳಕು ಹರಿಯುವ ಮೊದಲೇ ಎದ್ದು ಓಡುವ ಹುಡುಗಿಗೆ ಇನ್ನೊಂದು ಗಂಟೆ ಎಲ್ಲಿಂದ ತರುವುದೆಂದು ಗೊತ್ತಾಗಲಿಲ್ಲ, ಸಿದ್ಧವಿಲ್ಲ ಎಂದು ಬರೆದಳು. ಉದ್ದ ಜಿಗಿಯುವ ಹುಡುಗನಿಗೆ ಸಿಹಿ ಎಂದರೆ ಪ್ರಾಣ, ಅವನೂ ಹಾಗೇ ಬರೆದ. ಆನೆಮರಿ ತೂಕದ ಪ್ರಶ್ನೆಯ ಮುಂದೆ ಸ್ವಲ್ಪವೂ ತಡವರಿಸಲಿಲ್ಲ. ಈ ತೂಕವೇ ತನ್ನ ಬಲ ಎಂದು ಮಿಸ್ಸೇ ಹೇಳಿದ್ದಾರಲ್ಲ! ಸಿದ್ಧವಿಲ್ಲ.

ಫಲಿತಾಂಶ ಬಂತು. ಶಾಲೆಯ ಅತ್ಯಂತ ಸೋಮಾರಿ ಮಕ್ಕಳು ಸಿದ್ಧರಾಗಿ ಹಸಿರು ಬಿಲ್ಲೆ ತೊಟ್ಟು ನೆರಳಿನಲ್ಲಿ ಕೂತರು. ಓಡುವವರು, ಜಿಗಿಯುವವರು, ಎಸೆಯುವವರು ಕೆಂಪು ಬಿಲ್ಲೆ ತೊಟ್ಟು, ಆಟದ ಪೀರಿಯಡ್ಡಿನಲ್ಲಿ ಮಹಡಿಯ ಮೇಲೆ, ‘ಅರಿವಿನ ತರಗತಿ’ಯಲ್ಲಿ ಬಂದಿಗಳಾದರು.

ಟೀಚರು ಮೆಟ್ಟಿಲು ಹತ್ತಿ ಹೋಗಿ ನೋಡಿದರು. ಕಿಟಕಿಗೆ ಆಗಷ್ಟೇ ಪರದೆ ಎಳೆದಿದ್ದ ಕೊಠಡಿಯಲ್ಲಿ ಫ್ಯಾನು ಗೊರಗುಟ್ಟುತ್ತಿತ್ತು. ಗೋಡೆಯ ಮೇಲೆ ಬೆಳಕಿನ ಚೌಕ, ಚೌಕದಲ್ಲಿ ಓಡುತ್ತಿರುವ ಬೊಂಬೆ ಮನುಷ್ಯ. ‘ದೇಹಕ್ಕೆ ಚಲನೆ ಏಕೆ ಬೇಕು?’ ಎಂದು ನೀತಿಪಾಠದ ಮೇಷ್ಟ್ರು ಕೂತಲ್ಲಿಂದಲೇ ಓದುತ್ತಿದ್ದರು. ಎದುರಿಗೆ ಶಾಲೆಯ ಅಷ್ಟೂ ಓಟಗಾರರು ಕೈಕಟ್ಟಿ ಕೂತಿದ್ದರು. ಕಾಲುಗಳು ಮಾತ್ರ ಬೆಂಚಿನ ಕೆಳಗೆ ಸುಮ್ಮನಿರಲಾರದೆ ಕುಣಿಯುತ್ತಿದ್ದವು.

“ಏನ್ಸಾರ್ ಇದು? ಕೆಳಗೆ ಮೈದಾನ ಖಾಲಿ ಬಿದ್ದಿದೆ!”

ಮೇಷ್ಟ್ರು ಮುಖ ಸಣ್ಣದು ಮಾಡಿಕೊಂಡರು. “ನನ್ನನ್ನ ಯಾಕೆ ಕೇಳ್ತೀರಿ ತಾಯಿ? ಮಧ್ಯಾಹ್ನದ ಹೊತ್ತು ನನಗೇ ಕಣ್ಣು ಎಳೀತಾ ಇದೆ. ದೊಡ್ಡ ಮೇಡಂ ಹಾಕಿರೋ ಪೀರಿಯಡ್ಡು, ಅವರನ್ನೇ ಕೇಳಿ.”

ದೊಡ್ಡ ಮೇಡಂ ಎಂದರೆ ಮುಖ್ಯೋಪಾಧ್ಯಾಯಿನಿ. ಅವರ ಕೋಣೆಯ ಬಾಗಿಲನ್ನು ಟೀಚರು ತಟ್ಟಲೂ ಇಲ್ಲ, ನೂಕಿಕೊಂಡೇ ಒಳಗೆ ಹೋದರು.

“ಆ ಮಕ್ಕಳನ್ನ ಕೆಳಗೆ ಕಳಿಸಿ ಮೇಡಂ. ಕೂಟಕ್ಕೆ ಹೋಗೋರು ಅವರು.”

“ಕೂತ್ಕೊಳ್ಳಿ ಮೊದಲು.”

“ಕೂರಲ್ಲ. ಓಡೋ ಮಕ್ಕಳನ್ನ ಕೂರಿಸಿ ಓಡೋದ್ರ ಲಾಭ ಹೇಳಿಕೊಡ್ತಿದೀರಲ್ಲ, ಇದಕ್ಕೆ ಏನನ್ನಬೇಕು?”

ದೊಡ್ಡ ಮೇಡಂ ಕನ್ನಡಕ ತೆಗೆದು ಕಣ್ಣುಜ್ಜಿಕೊಂಡರು. “ನಂಗೆ ಗೊತ್ತಿಲ್ವೇನ್ರೀ? ಆದ್ರೆ ಕಾಗದದ ಮೇಲೆ ಅವರು ಸಿದ್ಧ ಇಲ್ಲ. ಆಡಳಿತ ಮಂಡಳಿಯವರು ನನ್ನ ತಲೆ ಮೇಲೆ ಕೂತಿದಾರೆ. ‘ಆರೋಗ್ಯವಂತ ಶಾಲೆ’ ಅನ್ನೋ ಫಲಕ ಬೇಕಂತೆ ಅವರಿಗೆ. ಇನ್ನೊಂದ್ಸಲ ಅಳೀತಾರೆ, ಅಷ್ಟರಲ್ಲಿ ಕೆಂಪೆಲ್ಲ ಹಸಿರಾಗಬೇಕು. ಕೆಂಪು ಬಿಲ್ಲೆ ಹಾಕ್ಕೊಂಡಿರೋ ಮಗುನ ಶಾಲೆ ಪರವಾಗಿ ಕೂಟಕ್ಕೆ ಕಳಿಸಿದ್ರೆ ನಾಲ್ಕು ಜನ ನಗಲ್ವಾ?”

“ನಗಲಿ! ಆನೆಮರಿ ಗುಂಡು ಎಸೆದ ಮೇಲೆ ಯಾರು ನಗ್ತಾರೋ ನೋಡೋಣ.”

“ನೋಡಿ, ನಿಮಗೆ ಅವಳು ಕೂಟಕ್ಕೆ ಹೋಗಬೇಕು ತಾನೇ? ಮುಂದಿನ ಸಲ ಎಲ್ಲಕ್ಕೂ ಸಿದ್ಧ ಅಂತ ಗುರುತು ಹಾಕೋಕೆ ಹೇಳಿ. ಅವತ್ತೇ ಬಿಟ್ಟುಬಿಡ್ತೀನಿ. ಒಂದು ಗುರುತಿಗೆ ಯಾಕ್ರೀ ಇಷ್ಟು ರಂಪ?”

ಟೀಚರಿಗೆ ಮೈಯೆಲ್ಲ ಉರಿಯಿತು. ಮೇಜಿನ ಮೇಲಿನ ಕೆಂಪು ಬಿಲ್ಲೆಗಳ ಡಬ್ಬಿಯನ್ನು ಕಿಟಕಿಯಿಂದ ಆಚೆ ಬಿಸಾಡಬೇಕು ಎನ್ನಿಸಿತು. ಬಿಸಾಡಲಿಲ್ಲ. ಬಿಸಾಡಿದ್ದರೂ ದೊಡ್ಡ ಮೇಡಂ ಹೊಸ ಡಬ್ಬಿ ತರಿಸುತ್ತಿದ್ದರು, ಅಷ್ಟೇ.

ಸಂಜೆ ಅವರು ಆನೆಮರಿಯ ಮನೆಗೆ ಹೋದರು. ಅವಳ ಅಮ್ಮ ಮನೆಯ ಮುಂದಿನ ಕೋಣೆಯಲ್ಲೇ ಹೊಲಿಗೆ ಯಂತ್ರ ಇಟ್ಟುಕೊಂಡಿದ್ದವರು. ಕಾಲಿಡಲು ಜಾಗವಿಲ್ಲದಂತೆ ಬಟ್ಟೆಯ ತುಂಡುಗಳು ಹರಡಿದ್ದವು. ಟೀಚರನ್ನು ಕಂಡದ್ದೇ ಅಮ್ಮ ಯಂತ್ರ ನಿಲ್ಲಿಸಿದರು, ಆದರೆ ಬನ್ನಿ ಎನ್ನಲಿಲ್ಲ.

“ನಿಮ್ಮ ಶಾಲೆಯೋರು ಕಾಗದ ಕಳಿಸಿದಾರೆ. ನನ್ನ ಮಗಳ ತೂಕ ಜಾಸ್ತಿಯಂತೆ, ಮನೇಲಿ ಗಮನ ಕೊಡ್ಬೇಕಂತೆ. ಹೆತ್ತೋಳಿಗೆ ಹೇಳೋ ಮಾತಾ ಇದು? ಅವಳ ಯೂನಿಫಾರ್ಮಿನ ಭುಜ ಬಿಗಿಯಾದಾಗ್ಲೆಲ್ಲ ನಾನೇ ಬಿಚ್ಚಿ ಅಗಲ ಮಾಡಿದೀನಿ, ಖುಷಿಯಿಂದ ಮಾಡಿದೀನಿ. ಈಗ ಕ್ಲಾಸಲ್ಲಿ ಆನೆಮರಿ ಅಂತ ಕರೆದು ನಗ್ತಾರಂತೆ. ಹೆಸರಿಟ್ಟೋರು ನೀವೇ ತಾನೇ?”

“ನಾನು ಇಟ್ಟಿದ್ದು ಆ ಅರ್ಥದಲ್ಲಿ ಅಲ್ಲ ಅಕ್ಕ.”

“ಅರ್ಥ ಕಟ್ಕೊಂಡು ನಾನೇನು ಮಾಡ್ಲಿ? ಊಟ ಸ್ವಲ್ಪ ಕಡಿಮೆ ಮಾಡೇ ಅಂದೆ. ಕೇಳಿದ್ರೆ ತಾನೇ! ‘ಮಿಸ್ ನಾನು ಹೀಗೇ ಇರ್ಬೇಕು ಅಂದಿದಾರೆ’ ಅಂತ ಅದೊಂದೇ ಹಾಡು. ನಾನು ಹೇಳಿದ್ದು, ಅವರಪ್ಪ ಹೇಳಿದ್ದು, ಕಾಗದದಲ್ಲಿ ಬಂದದ್ದು, ಯಾವುದೂ ಲೆಕ್ಕಕ್ಕಿಲ್ಲ. ನಿಮ್ಮ ಮಾತೇ ಅವಳಿಗೆ ವೇದವಾಕ್ಯ.”

ಬೇರೆ ಹೊತ್ತಿನಲ್ಲಾಗಿದ್ದರೆ ಈ ಮಾತಿಗೆ ಟೀಚರು ಒಳಗೊಳಗೇ ಹಿಗ್ಗುತ್ತಿದ್ದರು. ಅಷ್ಟರಲ್ಲಿ ಆನೆಮರಿಯೇ ಒಳಗಿನಿಂದ ಬಂದಳು. ಮಿಸ್ಸು ಮನೆಗೆ ಬಂದಿದ್ದಾರೆ ಎಂಬ ಸಂಭ್ರಮದಲ್ಲಿ ಅವಳಿಗೆ ನಿಲ್ಲಲೂ ಬರಲಿಲ್ಲ, ಕೂರಲೂ ಬರಲಿಲ್ಲ. ಟೀಚರು ಅವಳನ್ನು ಬಾಗಿಲ ಹೊರಗೆ ಕರೆದುಕೊಂಡು ಹೋದರು. ಅಮ್ಮ ಮತ್ತೆ ಯಂತ್ರ ತುಳಿಯತೊಡಗಿದರು.

ದಾರಿಯುದ್ದಕ್ಕೂ ಅವರು ಮಾತನ್ನು ಜೋಡಿಸಿಕೊಂಡು ಬಂದಿದ್ದರು. ನೋಡು, ಇದು ಬರೀ ನಾಟಕ, ಒಂದು ಸುಳ್ಳು ಬರೆದು ಕೈತೊಳೆದುಕೋ, ಆಮೇಲೆ ನಾವು ನಮ್ಮ ಕೆಲಸ ನೋಡೋಣ. ಇಷ್ಟೇ ಹೇಳಬೇಕಾಗಿದ್ದದ್ದು. ಆದರೆ ಆ ಹುಡುಗಿ ಎದುರಿಗೆ ನಿಂತು, ವೃತ್ತದಲ್ಲಿ ನಿಂತಾಗ ನೋಡುವ ಹಾಗೆಯೇ ಕಣ್ಣಲ್ಲಿ ಕಣ್ಣಿಟ್ಟು ನೋಡಿದಾಗ, ಸುಳ್ಳು ಎಂಬ ಶಬ್ದವನ್ನು ಅವರು ನುಂಗಿಕೊಂಡರು. ಯಾವ ಬಾಯಿಂದ ಹೇಳುವುದು? ಅವರಿಗೆ ಹುಡುಗಿಯ ಮೇಲೆಯೇ ರೇಗಿತು.

“ಮತ್ತೆ ಅಳೆಯೋಕೆ ಬರ್ತಾರೆ” ಎಂದರು, ಬೇರೆ ಕಡೆ ನೋಡುತ್ತ. “ಈ ಸಲ ಎಲ್ಲಕ್ಕೂ ಸಿದ್ಧ ಅಂತ ಗುರುತು ಹಾಕು.”

“ಎಲ್ಲಕ್ಕೂನಾ ಮಿಸ್?”

“ಹೂಂ.”

“ತೂಕದ್ದಕ್ಕೂ?”

“ತೂಕದ್ದಕ್ಕೂ.”

“ಊಟ ಕಡಿಮೆ ಮಾಡೋದಕ್ಕೂ?”

“ಹೂಂ ಅಂದ್ನಲ್ಲೇ! ಒಂದ್ಸಲ ಹೇಳಿದ್ರೆ ಗೊತ್ತಾಗಲ್ವಾ?”

ಹುಡುಗಿ ತನ್ನ ತೋಳುಗಳನ್ನು ಒಮ್ಮೆ ನೋಡಿಕೊಂಡಳು. ಏನೋ ಕೇಳಲು ಬಾಯಿ ತೆರೆದು, ಮಿಸ್ಸಿನ ಗಂಟುಮುಖ ಕಂಡು ತಲೆಯಾಡಿಸಿದಳು.

“ಸರಿ ಮಿಸ್” ಎಂದಳು.

ಮಾತು ಇಷ್ಟು ಸಲೀಸಾಗಿ ಮುಗಿದದ್ದಕ್ಕೆ ಟೀಚರಿಗೆ ನಿರಾಳವೇ ಆಯಿತು. ಓಡುವ ಹುಡುಗಿಗೂ ಜಿಗಿಯುವ ಹುಡುಗನಿಗೂ ಮರುದಿನ ಅದೇ ಮಾತನ್ನು ಹೇಳಿದರು. ಅವರು ಚುರುಕಿನ ಮಕ್ಕಳು, ಕಣ್ಣು ಮಿಟುಕಿಸಿ ನಕ್ಕು ಹೋದರು.

ಎರಡನೇ ಅಳತೆಯ ದಿನ ಆಟದ ಟೀಚರು ಕನ್ನಡಕದ ಯುವತಿಯನ್ನು ಕಾರಿಡಾರಿನಲ್ಲಿ ಅಡ್ಡಗಟ್ಟಿದರು. “ನಿಮ್ಮ ಒಂದು ಕಾಗದದಿಂದ ನನ್ನ ಮಕ್ಕಳು ಮೈದಾನ ಕಳ್ಕೊಂಡ್ರು, ಗೊತ್ತಾ?” ಎಂದು ದಬಾಯಿಸಿದರು. ಯುವತಿಯ ಮುಖ ಬಿಳಿಚಿತು. ಒಬ್ಬೊಬ್ಬ ಮಗುವನ್ನು ಬೇರ್ಪಡಿಸುವುದಕ್ಕಾಗಿ ಮಾಡಿದ ಅಳತೆ ಅಲ್ಲ ಮೇಡಂ ಇದು, ಇಡೀ ಶಾಲೆಗೆ ಏನು ಬೇಕು ಎಂದು ತಿಳಿಯುವುದಕ್ಕೆ, ಬಿಲ್ಲೆ ಹಂಚಿ ಎಂದು ನಾವು ಹೇಳಿಯೇ ಇಲ್ಲ ಎಂದು ತೊದಲಿದಳು. ಹಾಗಾದರೆ ಹೆಸರು ಸಮೇತ ಕೊಟ್ಟದ್ದೇಕೆ ಎಂದರೆ, ದೊಡ್ಡ ಮೇಡಂ ಕೇಳಿದರು ಎಂದಳು. ಕೇಳಿದರಂತೆ, ಕೊಟ್ಟಳಂತೆ! ಈ ಶಾಲೆಯಲ್ಲಿ ಯಾರೂ ಕೆಟ್ಟವರಲ್ಲ, ಎಲ್ಲರೂ ಯಾರೋ ಹೇಳಿದ್ದನ್ನು ಮಾಡಿದವರು. ಒಬ್ಬರ ಕಡೆ ಬೆರಳು ತೋರಿಸಿದರೆ ಅವರ ಬೆರಳು ಇನ್ನೊಬ್ಬರ ಕಡೆ ಇರುತ್ತದೆ.

ಕೆಂಪೆಲ್ಲ ಹಸಿರಾಯಿತು. ಮಕ್ಕಳ ಸಿದ್ಧತೆ ಇಷ್ಟು ಬೇಗ ಇಷ್ಟು ಏರಿದ್ದು ವಿಶೇಷ ಎಂದು ದೊಡ್ಡ ಮೇಡಂ ಬೆಳಗಿನ ಸಭೆಯಲ್ಲಿ ಹೇಳಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಆನೆಮರಿಯನ್ನು ಮುಂದೆ ಕರೆದು ಅವಳ ಎದೆಗೆ ದೊಡ್ಡ ಮೇಡಂ ತಮ್ಮ ಕೈಯಾರೆ ಹಸಿರು ಬಿಲ್ಲೆ ಚುಚ್ಚಿದರು. ಆಟದ ಟೀಚರು ಅದೇ ದಿನ ಕೂಟಕ್ಕೆ ಅವಳ ಹೆಸರು ಕಳಿಸಿದರು. ಗೆದ್ದೆ ಎಂದುಕೊಂಡರು.

ಅಷ್ಟರಲ್ಲಿ ಪರೀಕ್ಷೆ ಬಂತು. ಪರೀಕ್ಷೆ ಮುಗಿಯುವವರೆಗೆ ಮೈದಾನಕ್ಕೆ ಯಾರೂ ಇಳಿಯಕೂಡದು ಎಂದು ಅಪ್ಪಣೆಯಾಗಿತ್ತು. ಮತ್ತೆ ಅಭ್ಯಾಸ ಶುರುವಾದ ಮೊದಲ ಸಂಜೆ ಆನೆಮರಿಯ ಗುಂಡು ಗೆರೆಯಿಂದ ಈಚೆಗೇ ಬಿತ್ತು. ಬಿಟ್ಟ ಕೈ, ಜಡ್ಡು ಹಿಡಿದಿದೆ ಎಂದುಕೊಂಡರು ಟೀಚರು. ಮರುದಿನ ಇನ್ನೂ ಈಚೆಗೆ ಬಿತ್ತು.

“ಏನೇ ಇದು, ನೆಲ ಗುಡಿಸ್ತಾ ಇದೀಯಾ? ಸೊಂಟ ಎಲ್ಲಿ ತಿರುಗ್ತು? ಇನ್ನೊಂದು ಎಸಿ!”

ಹುಡುಗಿ ಗುಂಡನ್ನು ಕತ್ತಿನ ಕೆಳಗೆ ಇಟ್ಟುಕೊಂಡು ಬಗ್ಗಿದಳು. ಏಳುವಾಗ ಒಂದು ಕಡೆಗೆ ವಾಲಿದಳು. ಗುಂಡು ಕೈಯಿಂದ ಜಾರಿ ಪಾದದ ಪಕ್ಕದಲ್ಲೇ ದೊಪ್ಪೆಂದು ಬಿತ್ತು. ಅವಳು ಅದರ ಪಕ್ಕದಲ್ಲಿ, ವೃತ್ತದ ಒಳಗೇ, ತಲೆ ಹಿಡಿದುಕೊಂಡು ಕೂತುಬಿಟ್ಟಳು.

ಟೀಚರು ಓಡಿಬಂದು ಅವಳ ತೋಳು ಹಿಡಿದರು. ಕೈಗೆ ಸಿಕ್ಕಿದ್ದು ಬರೀ ತೋಳಿನ ಬಟ್ಟೆ. ಒಳಗಿನ ತೋಳು ಬಟ್ಟೆಯನ್ನು ತುಂಬಿರಲಿಲ್ಲ. ಆಗ ಅವರು ಅವಳ ಮುಖವನ್ನು ಸರಿಯಾಗಿ ನೋಡಿದರು. ಕೆನ್ನೆ ಇಳಿದಿತ್ತು, ತುಟಿ ಒಣಗಿತ್ತು.

“ಊಟ ಮಾಡಿದೀಯಾ?”

“ಬೆಳಿಗ್ಗೆ ಸ್ವಲ್ಪ ಮಾಡಿದೆ ಮಿಸ್.” ಉಸಿರು ಸುಧಾರಿಸಿಕೊಂಡು ಹುಡುಗಿ ಮುಖ ಮೇಲೆತ್ತಿದಳು. ಕೊಟ್ಟ ಲೆಕ್ಕವನ್ನೆಲ್ಲ ಮಾಡಿ ಮುಗಿಸಿ ತೋರಿಸಲು ಬಂದ ಮಗುವಿನ ಮುಖ. “ಒಂದು ಹೇಳ್ಲಾ ಮಿಸ್? ನಾಲ್ಕು ಕೆ.ಜಿ. ಇಳಿದಿದೀನಿ. ನಿಮಗೆ ಆಮೇಲೆ ಹೇಳೋಣ ಅಂತಿದ್ದೆ.”

“ಯಾರೇ ಹೇಳಿದ್ದು ನಿಂಗೆ ಇಳಿಸು ಅಂತ?” ಟೀಚರ ದನಿ ಮೈದಾನದ ಆಚೆ ತುದಿಗೂ ಕೇಳಿಸಿತು. “ಯಾರು? ನಿಮ್ಮಮ್ಮನಾ? ದೊಡ್ಡ ಮೇಡಮ್ಮಾ? ಹೇಳು, ಈಗ್ಲೇ ಹೋಗಿ ವಿಚಾರಿಸ್ಕೋತೀನಿ!”

ಹುಡುಗಿ ಗಾಬರಿಯಾಗಿ ಅವರನ್ನೇ ನೋಡಿದಳು.

“ನೀವೇ ಮಿಸ್.”

ಆಚೆ ರಿಲೇ ಓಡುತ್ತಿದ್ದ ಮಕ್ಕಳು ನಿಂತು ಇತ್ತ ನೋಡುತ್ತಿದ್ದರು. ಟೀಚರು ಅವರತ್ತ ಕೈಬೀಸಿ ಓಡಿ ಎಂದರು. ಇಷ್ಟು ದಿನ ಯಾರ್ಯಾರ ಮೇಲೋ ಕುದಿಯುತ್ತಿದ್ದ ಸಿಟ್ಟಿಗೆ ಈಗ ಹೋಗಲು ಬೇರೆ ಜಾಗವಿರಲಿಲ್ಲ. ಅವರು ಹುಡುಗಿಯ ಎದುರಿಗೆ ಮಣ್ಣಿನಲ್ಲಿ ಮಂಡಿಯೂರಿ ಕೂತರು.

“ನೋಡು, ಇಲ್ಲಿ ನೋಡು. ಅದು ಸುಳ್ಳು ಕಣೆ. ನಿನ್ನನ್ನ ಆ ಕೋಣೆಯಿಂದ ಬಿಡಿಸ್ಕೊಳ್ಳೋಕೆ ಹೇಳಿದ್ದು. ಬರೀ ಗುರುತು ಹಾಕು ಅಂದೆ, ಹಸಿದಿರು ಅನ್ಲಿಲ್ಲ. ನೀನು ಇದ್ದ ಹಾಗೇ ಇರ್ಬೇಕಿತ್ತು. ನಿನ್ನಲ್ಲಿ ಏನೂ ಜಾಸ್ತಿ ಇರ್ಲಿಲ್ಲ. ನಾನು ಸುಳ್ಳು ಹೇಳಿಸ್ದೆ, ತಿಳೀತಾ? ನಾನೇ ಹೇಳಿಸ್ದೆ.”

ಹುಡುಗಿ ಅಷ್ಟನ್ನೂ ಗಮನವಿಟ್ಟು ಕೇಳಿದಳು. ಆಮೇಲೆ ಸಣ್ಣಗೆ ನಕ್ಕಳು, ದೊಡ್ಡವರು ಚಿಕ್ಕವರನ್ನು ನೋಡಿ ನಗುವ ಹಾಗೆ.

“ಪರ್ವಾಗಿಲ್ಲ ಮಿಸ್. ಎಸೆಯೋಕೆ ಆಗ್ಲಿಲ್ಲ ಅಂತ ನಂಗೆ ಬೇಜಾರಾಗುತ್ತೆ, ಅದಕ್ಕೇ ಹೀಗಂತೀರಿ. ನೀವು ಸುಳ್ಳು ಹೇಳಲ್ಲ ಅಂತ ನಂಗೊತ್ತಿಲ್ವಾ?”

“ಹೇಳಿದೀನಿ ಕಣೆ! ಆಣೆ ಮಾಡ್ಲಾ?”

“ಬಿಡಿ ಮಿಸ್” ಎಂದಳು ಅವಳು, ಮೆತ್ತಗೆ.

ಟೀಚರು ಎದ್ದು ಹೋಗಿ ತಮ್ಮ ಚೀಲ ತಂದರು. ಊಟದ ಡಬ್ಬಿಯಲ್ಲಿ ಮಧ್ಯಾಹ್ನ ತಿನ್ನದೆ ಉಳಿಸಿದ್ದು ಅರ್ಧ ಇತ್ತು. ಮುಚ್ಚಳ ತೆಗೆದು ಅದನ್ನು ಹುಡುಗಿಯ ಮುಂದೆ ಇಟ್ಟರು. “ತಿನ್ನು” ಎಂದರು. ಗದರಿಸಬೇಕೆಂದುಕೊಂಡ ಮಾತು ಗದರಿಕೆಯಾಗಿ ಬರಲಿಲ್ಲ. ಹುಡುಗಿ ಡಬ್ಬಿಯನ್ನು ನೋಡಿದಳು, ಗಂಟಲು ಒಮ್ಮೆ ಮೇಲೆ ಕೆಳಗೆ ಆಡಿತು. ಆಮೇಲೆ ಪಕ್ಕದಲ್ಲಿದ್ದ ಮುಚ್ಚಳವನ್ನು ಎತ್ತಿ, ಅಂಚಿಗೆ ಅಂಟಿದ್ದ ಮಣ್ಣನ್ನು ಲಂಗದಿಂದ ಒರೆಸಿ, ಡಬ್ಬಿಯನ್ನು ಸದ್ದಾಗದಂತೆ ಮುಚ್ಚಿ ಟೀಚರ ಕಡೆಗೆ ಸರಿಸಿದಳು.